ಕೊಚ್ಚಿಯನ್ನು ನೀರಿನ ಕಡೆಯಿಂದ ನೋಡಬೇಕು: ಬೋಟು, ಬಸ್ಸುಗಳಲ್ಲಿ ಮೂರು ದಿನ

ಕೊಚ್ಚಿಗೆ ಹೋಗುವವರಲ್ಲಿ ಹೆಚ್ಚಿನವರು ಮುನ್ನಾರಿಗೋ ಆಲಪ್ಪುಳಕ್ಕೋ ಹೋಗುವ ದಾರಿಯಲ್ಲಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ದಡದ ಚೀನೀ ಮೀನುಬಲೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮುಂದಕ್ಕೆ ಹೊರಟುಬಿಡುತ್ತಾರೆ. ನಾನೂ ಹಿಂದೆ ಎರಡು ಸಲ ಹಾಗೆಯೇ ಮಾಡಿದ್ದೆ. ಈ ಸಲ ಅಮ್ಮನನ್ನು ಕರೆದುಕೊಂಡು ರಾತ್ರಿ ರೈಲಿನಲ್ಲಿ ಕೊಚ್ಚಿ ನಗರದ್ದೇ ಭಾಗವಾದ ಎರ್ನಾಕುಳಂಗೆ ಹೋಗಿ, ಶುಕ್ರವಾರದಿಂದ ಭಾನುವಾರದವರೆಗೆ ಅಲ್ಲಿಯೇ ಇದ್ದು, ಊರನ್ನು ಬೋಟಿನಲ್ಲಿಯೂ ಬಸ್ಸಿನಲ್ಲಿಯೂ ಸುತ್ತಿದೆವು. ಮೊದಲ ದಿನ ಖಾಸಗಿಯವರ ಪ್ಯಾಕೇಜ್ ಪ್ರವಾಸದಲ್ಲಿ ಹೋದೆವು. ಉಳಿದ ಎರಡು ದಿನ ಊರಿನವರು ದಿನವೂ ಓಡಾಡುವ ಬೋಟು, ಬಸ್ಸುಗಳನ್ನೇ ಹಿಡಿದೆವು. ಎರಡೂ ಬಗೆಯ ಸುತ್ತಾಟವನ್ನು ಒಂದೇ ವಾರಾಂತ್ಯದಲ್ಲಿ ಮಾಡಿದ್ದರಿಂದ, ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಊರಿನ ಲಕ್ಷಣವನ್ನು ಹೇಳಬೇಕು, ಏಕೆಂದರೆ ಬೋಟು ಇಲ್ಲಿ ಮನರಂಜನೆಗೆಂದು ಸೇರಿಸಿದ ಹೆಚ್ಚುವರಿ ವಸ್ತುವಲ್ಲ. 1341ರಲ್ಲಿ ಪೆರಿಯಾರ್ ನದಿಯಲ್ಲಿ ಬಂದ ಭಾರೀ ನೆರೆ ಮುಜಿರಿಸ್ ಎಂಬ ಪುರಾತನ ಬಂದರಿನಲ್ಲಿ ಹೂಳು ತುಂಬಿತು. ಅದೇ ನೆರೆ ಕೊಚ್ಚಿಯ ಬಳಿ ಅಳಿವೆಯನ್ನು ತೆರೆಯಿತು ಎನ್ನುತ್ತಾರೆ. ಅಂದಿನಿಂದ ಈ ಊರಿಗೆ ಬಂದವರೆಲ್ಲರೂ, ಅರಬರು, ಚೀನೀಯರು, 1500ರಲ್ಲಿ ಪೋರ್ಚುಗೀಸರು, 1663ರಲ್ಲಿ ಅವರನ್ನು ಓಡಿಸಿದ ಡಚ್ಚರು, 1795ರಲ್ಲಿ ಡಚ್ಚರ ಕೈಯಿಂದ ಕಿತ್ತುಕೊಂಡ ಬ್ರಿಟಿಷರು, ಎಲ್ಲರೂ ನೀರಿನ ಮೇಲಿನಿಂದಲೇ ಬಂದರು, ನೀರಿಗೆ ಮುಖ ಮಾಡಿಯೇ ಕಟ್ಟಿದರು. ಹಳೆಯ ಗೋದಾಮುಗಳು, ಕೋಟೆ, ಡಚ್ಚರು 1744ರಲ್ಲಿ ಬೋಲ್ಗಾಟ್ಟಿ ದ್ವೀಪದಲ್ಲಿ ಕಟ್ಟಿಸಿದ ಅರಮನೆ, ಇವೆಲ್ಲ ಇರುವುದು ದಂಡೆಯಲ್ಲಿಯೇ. ರಸ್ತೆಯಿಂದ ನೋಡಿದರೆ ಅವುಗಳ ಬೆನ್ನು ಮಾತ್ರ ಕಾಣುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಪ್ರವಾಸದ ಯೋಜನೆ ತಾನಾಗಿಯೇ ಸರಿಯಾಗುತ್ತದೆ.

ಇನ್ನು ಶುಕ್ರವಾರದ ಪ್ಯಾಕೇಜಿನ ವಿಷಯ. ತಲಾ 1,100 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಕಾಯ್ದಿರಿಸಿದ್ದೆ. ಮಿನಿಬಸ್ಸಿನಲ್ಲಿ ಹೋಟೆಲಿನಿಂದ ಕರೆದೊಯ್ಯುವುದು, ಎರಡು ಗಂಟೆ ಬೋಟಿನ ವಿಹಾರ, ಮಟ್ಟಂಚೇರಿ ಅರಮನೆ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್, ಫೋರ್ಟ್ ಕೊಚ್ಚಿ, ಸಂಜೆ ವಾಪಸು: ಪಟ್ಟಿ ಓದುವುದಕ್ಕೆ ಚೆನ್ನಾಗಿಯೇ ಇತ್ತು. ಬಸ್ಸು ಹೇಳಿದ ಸಮಯಕ್ಕೆ ಬಂತು, ಚಾಲಕ ಸಭ್ಯನಾಗಿದ್ದ, ಸೀಟುಗಳು ಸ್ವಚ್ಛವಾಗಿದ್ದವು, ಇದನ್ನು ಒಪ್ಪಿಕೊಳ್ಳಲೇಬೇಕು. ಬೋಟಿನಲ್ಲಿ ಮಾತ್ರ ತೊಂದರೆ ಆರಂಭವಾಯಿತು. ಹತ್ತಿದ ಕ್ಷಣದಿಂದ ಇಳಿಯುವವರೆಗೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡುಗಳು ಮೊಳಗುತ್ತಿದ್ದವು. ನಡುನಡುವೆ ಮಾರ್ಗದರ್ಶಕರು ಮೈಕಿನಲ್ಲಿ ಬಲಗಡೆ ಇರುವುದು ಇದು, ಎಡಗಡೆ ಇರುವುದು ಅದು ಎಂದು ಹೆಸರು ಮಾತ್ರ ಹೇಳುತ್ತಿದ್ದರು. ಬೋಲ್ಗಾಟ್ಟಿಯ ಮುಂದೆ ಬೋಟು ನಿಧಾನವಾದಾಗ ಅಮ್ಮ, "ಇದನ್ನು ಯಾರು ಕಟ್ಟಿಸಿದ್ದಂತೆ, ಕೇಳು ಮಗಾ" ಎಂದರು. ನಾನು ಕೇಳಿದೆ, ಹಾಡಿನ ಅಬ್ಬರದಲ್ಲಿ ಅವರಿಗೆ ಪ್ರಶ್ನೆಯೂ ಕೇಳಿಸಲಿಲ್ಲ, ನಮಗೆ ಉತ್ತರವೂ ಕೇಳಿಸಲಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ಅನ್ಯಾಯ ಮಟ್ಟಂಚೇರಿಯಲ್ಲಿ ನಡೆಯಿತು. ಮಟ್ಟಂಚೇರಿ ಅರಮನೆ ಪ್ರತಿ ಶುಕ್ರವಾರ ಮುಚ್ಚಿರುತ್ತದೆ. ಇದು ಯಾವುದೋ ಆಕಸ್ಮಿಕ ರಜೆಯಲ್ಲ, ವಾರವಾರದ ನಿಯಮ. ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಇರುವುದರಿಂದ ಸಿನಗಾಗಿನಲ್ಲಿಯೂ ಶುಕ್ರವಾರ ಮಧ್ಯಾಹ್ನದ ನಂತರ ಪ್ರವೇಶವಿಲ್ಲ. ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಮಧ್ಯಾಹ್ನ ಎರಡೂವರೆಗೆ. ಎರಡು ಬಾಗಿಲುಗಳೂ ಹಾಕಿದ್ದವು. ವಾರಕ್ಕೆ ಹಲವು ಸಲ ಇದೇ ದಾರಿಯಲ್ಲಿ ಬರುವವರಿಗೆ ಇದು ತಿಳಿದಿರಲಿಲ್ಲ ಎಂದು ನಂಬಲು ಸಾಧ್ಯವಿಲ್ಲ. ಆದರೂ ಶುಕ್ರವಾರದ ಟಿಕೆಟನ್ನು ಅದೇ ಪಟ್ಟಿಯೊಂದಿಗೆ, ಅದೇ ಬೆಲೆಗೆ ಮಾರಿದ್ದರು. ಉಳಿದ ಸಮಯವನ್ನು ಮಸಾಲೆ ಪದಾರ್ಥಗಳ ದೊಡ್ಡ ಅಂಗಡಿಯೊಂದರಲ್ಲಿ ಕಳೆಯಿಸಿದರು. ಒಂದು ಗಂಟೆ ಹತ್ತು ನಿಮಿಷ, ಗಡಿಯಾರ ನೋಡಿಕೊಂಡಿದ್ದೆ. ಅದರ ನಂತರ ಫೋರ್ಟ್ ಕೊಚ್ಚಿಗೆ ಮೂವತ್ತೈದು ನಿಮಿಷವಷ್ಟೇ ಉಳಿಯಿತು. ದೂರು ಕೊಟ್ಟಾಗ ಬಂದ ಉತ್ತರ, ಸ್ಮಾರಕಗಳ ಸಮಯ ತಮ್ಮ ಹೊಣೆಯಲ್ಲ ಎಂಬುದು. ಅರವತ್ತೆಂಟು ವರ್ಷದ ಅಮ್ಮ ಬಿಸಿಲಿನಲ್ಲಿ ಮುಚ್ಚಿದ ಬಾಗಿಲಿನ ಮುಂದೆ ನಿಂತದ್ದು ಈಗಲೂ ನನ್ನ ಕಣ್ಣ ಮುಂದಿದೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಹಲವು ಪ್ಯಾಕೇಜುಗಳ ಪಟ್ಟಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದರಿಂದ, ಯಾವುದನ್ನೇ ಕಾಯ್ದಿರಿಸುವ ಮುನ್ನ ವಾರದ ದಿನವನ್ನು ನೀವೇ ಪರೀಕ್ಷಿಸಿಕೊಳ್ಳುವುದು ಒಳಿತು.

ಶನಿವಾರ ಬೆಳಿಗ್ಗೆ ನಾವು ಮರೀನ್ ಡ್ರೈವಿನ ಬಳಿ ಇರುವ ಹೈಕೋರ್ಟ್ ಟರ್ಮಿನಲ್ಲಿಗೆ ಹೋಗಿ ಕೊಚ್ಚಿ ವಾಟರ್ ಮೆಟ್ರೊದ ಬೋಟು ಹತ್ತಿದೆವು. ಈ ಸೇವೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸುತ್ತದೆ. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಇದು, ಹತ್ತು ದ್ವೀಪಗಳನ್ನು 38 ಜೆಟ್ಟಿಗಳ ಮೂಲಕ ಜೋಡಿಸುವ, ಸುಮಾರು 76 ಕಿಲೋಮೀಟರ್ ಜಲಮಾರ್ಗದ, 78 ಬೋಟುಗಳ ಯೋಜನೆ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲದ ನೆರವು ಇದಕ್ಕಿದೆ. ಫೋರ್ಟ್ ಕೊಚ್ಚಿಗೆ ಬೋಟು ಓಡಲಾರಂಭಿಸಿದ್ದು 2024ರ ಏಪ್ರಿಲ್‌ನಲ್ಲಿ. ಬೋಟುಗಳನ್ನು ಕಟ್ಟಿದ್ದು ಕೊಚ್ಚಿನ್ ಶಿಪ್‌ಯಾರ್ಡ್, ಅಂದರೆ 2022ರಲ್ಲಿ ನೌಕಾಪಡೆಗೆ ಸೇರಿದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್ ಅನ್ನು ಕಟ್ಟಿದ ಅದೇ ಹಡಗುಕಟ್ಟೆ. ಒಂದೇ ಅಂಗಳದಲ್ಲಿ ಅಷ್ಟು ದೊಡ್ಡ ಯುದ್ಧನೌಕೆಯೂ ನೂರು ಜನರ ಈ ಸಣ್ಣ ಬೋಟೂ ಹುಟ್ಟಿದವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಟಿಕೆಟ್ ಕೌಂಟರಿನಲ್ಲಿ ಫೋರ್ಟ್ ಕೊಚ್ಚಿಗೆ ತಲಾ 40 ರೂಪಾಯಿ ಕೊಟ್ಟೆವು. ಮೆಟ್ರೊ ರೈಲಿನಲ್ಲಿರುವಂತೆಯೇ ಇಲ್ಲಿಯೂ ಟಿಕೆಟನ್ನು ಗೇಟಿಗೆ ಹಿಡಿದು ಒಳಹೋಗಬೇಕು. ಗೇಟು ತಲೆಗಳನ್ನು ಎಣಿಸುವುದರಿಂದ ನೂರಕ್ಕಿಂತ ಹೆಚ್ಚು ಮಂದಿ ಒಂದು ಬೋಟಿಗೆ ಹತ್ತುವಂತಿಲ್ಲ. ಕೇರಳದ ನೀರಿನಲ್ಲಿ ಜನ ತುಂಬಿದ ಬೋಟುಗಳು ಮಗುಚಿ ಸಂಭವಿಸಿದ ದುರಂತಗಳನ್ನು ನೆನೆದರೆ, ಈ ಒಂದು ಏರ್ಪಾಟಿಗೇ ಪೂರ್ಣ ಅಂಕ ಕೊಡಬೇಕು. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಜೆಟ್ಟಿಯ ತೇಲುವ ಕಟ್ಟೆ. ಉಬ್ಬರ ಇಳಿತಕ್ಕೆ ತಕ್ಕಂತೆ ಕಟ್ಟೆಯೂ ಏರಿ ಇಳಿಯುವುದರಿಂದ ಬೋಟಿನ ನೆಲ ಮತ್ತು ಕಟ್ಟೆಯ ನೆಲ ಸದಾ ಒಂದೇ ಮಟ್ಟದಲ್ಲಿರುತ್ತವೆ. ಹಿಂದಿನ ದಿನ ಪ್ಯಾಕೇಜಿನ ಬೋಟಿಗೆ ಹತ್ತುವಾಗ ಇಬ್ಬರು ಕೈಹಿಡಿದು ಎಳೆದುಕೊಳ್ಳಬೇಕಾಗಿದ್ದ, ಎರಡೂ ಮೊಣಕಾಲು ನೋವಿರುವ ಅಮ್ಮ, ಇಲ್ಲಿ ಮನೆಯ ಹೊಸ್ತಿಲು ದಾಟಿದಷ್ಟು ಸಲೀಸಾಗಿ ಒಳಗೆ ನಡೆದುಹೋದರು. ಗಾಲಿಕುರ್ಚಿಯಲ್ಲಿದ್ದ ಹಿರಿಯರೊಬ್ಬರನ್ನೂ ಅವರ ಮಗಳು ಯಾರ ನೆರವಿಲ್ಲದೆ ತಳ್ಳಿಕೊಂಡು ಬಂದರು. ವಯಸ್ಸಾದವರನ್ನು ಕರೆದುಕೊಂಡು ಪ್ರವಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೊಂದಿಲ್ಲ.

ಬೋಟು ಬ್ಯಾಟರಿಯಿಂದ ಓಡುತ್ತದೆ. ತುರ್ತಿಗೆಂದು ಡೀಸೆಲ್ ಜನರೇಟರ್ ಕೂಡ ಇದೆ. ಬಳಸಿರುವುದು ಲಿಥಿಯಂ ಟೈಟನೇಟ್ ಬಗೆಯ ಬ್ಯಾಟರಿ. ಹತ್ತು ಹದಿನೈದು ನಿಮಿಷದಲ್ಲಿ ಚಾರ್ಜ್ ಆಗುವುದರಿಂದ ಜನ ಇಳಿದು ಹತ್ತುವ ಹೊತ್ತಿನಲ್ಲಿಯೇ ಅದಕ್ಕೆ ಶಕ್ತಿ ತುಂಬಬಹುದು. ಎರಡು ಒಡಲುಗಳ ಅಲ್ಯೂಮಿನಿಯಂ ದೇಹವಾದ್ದರಿಂದ ಹಿಂದೆ ಅಲೆ ಏಳುವುದು ಕಡಿಮೆ. ದಂಡೆಯ ಮಣ್ಣು ಕೊರೆಯದಿರಲಿ, ಸಣ್ಣ ದೋಣಿಯಲ್ಲಿ ಬಲೆ ಬೀಸುವವರಿಗೆ ತೊಂದರೆಯಾಗದಿರಲಿ ಎಂಬುದು ಇದರ ಉದ್ದೇಶ. ಒಳಗೆ ಹವಾನಿಯಂತ್ರಣ, ಅಗಲವಾದ ಗಾಜಿನ ಕಿಟಕಿಗಳು. ಎಂಜಿನ್ನಿನ ಸದ್ದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ಮಗು ನಿದ್ದೆ ಮಾಡಿತ್ತು. ಹಿಂದಿನ ದಿನದ ಧ್ವನಿವರ್ಧಕದ ನಂತರ ಆ ನಿಶ್ಶಬ್ದದಲ್ಲಿ ಊರನ್ನು ನೋಡಿದ್ದು, ಅದೇ ನೀರನ್ನು ಮೊದಲ ಬಾರಿಗೆ ನೋಡಿದಂತೆಯೇ ಇತ್ತು.

ಹೈಕೋರ್ಟಿನಿಂದ ಹೊರಟಾಗ ಬಲಗಡೆಗೆ ಮೊದಲು ಬೋಲ್ಗಾಟ್ಟಿಯ ಮರಗಳು, ಆಮೇಲೆ ವಲ್ಲಾರ್‌ಪಾಡಂ ದ್ವೀಪ, ಅಲ್ಲಿನ ಕಂಟೇನರ್ ಬಂದರಿನ ದೈತ್ಯ ಕ್ರೇನುಗಳು ಕಾಣುತ್ತವೆ. ಎಡಗಡೆಗೆ ಕಾಣುವ ವಿಲ್ಲಿಂಗ್ಡನ್ ದ್ವೀಪದ ಕತೆ ತಿಳಿದರೆ ನೋಟ ಇಮ್ಮಡಿ ಸೊಗಸಾಗುತ್ತದೆ, ಏಕೆಂದರೆ ಅದರ ಬಹುಭಾಗ ಮನುಷ್ಯರು ಮಾಡಿದ ನೆಲ. ಹಿಂದೆ ಕೊಚ್ಚಿಯ ಅಳಿವೆಗೆ ಅಡ್ಡಲಾಗಿ ಮರಳಿನ ದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲಿಯೇ ಲಂಗರು ಹಾಕಬೇಕಾಗಿತ್ತು. 1920ರಲ್ಲಿ ಬಂದ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬವನ್ನು ಕಡಿದು ಹಡಗಿನ ದಾರಿಯನ್ನು ಆಳಗೊಳಿಸಿದರು. ಎತ್ತಿದ ಹೂಳನ್ನೇ ಹರಡಿ ಈ ದ್ವೀಪವನ್ನು ರೂಪಿಸಿದರು. 1928ರ ಮೇ 26ರಂದು 'ಪದ್ಮ' ಎಂಬ ಹಡಗು ಒಳ ಬಂದರಿಗೆ ಮೊದಲು ಬಂತು. ಬೋಟಿನ ಕಿಟಕಿಯಿಂದ ನೋಡುವಾಗ, ಈ ದಂಡೆ ನೂರು ವರ್ಷದ ಹಿಂದೆ ನೀರಿನ ತಳದಲ್ಲಿತ್ತು ಎಂದು ಅಮ್ಮನಿಗೆ ಹೇಳಿದೆ. ಅವರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. ಅಳಿವೆಯ ಹತ್ತಿರ ಬಂದಾಗ ಎರಡು ಡಾಲ್ಫಿನ್‌ಗಳ ಬೂದು ಬೆನ್ನುಗಳು ಮೇಲೆದ್ದು ಮುಳುಗಿದವು. ನಿತ್ಯದ ಪ್ರಯಾಣಿಕರು ತಲೆ ಎತ್ತಲಿಲ್ಲ. ಅವರಿಗೆ ಅದು ದಿನದ ನೋಟ.

ಸುಮಾರು ಇಪ್ಪತ್ತು ನಿಮಿಷದ ಪ್ರಯಾಣವದು. ಫೋರ್ಟ್ ಕೊಚ್ಚಿಯಲ್ಲಿ ಇಳಿದ ಮೇಲೆ ಬಸ್ಸೂ ಬೇಡ, ಆಟೋವೂ ಬೇಡ. ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿದೆ, ದಾರಿಯುದ್ದಕ್ಕೂ ಮಳೆಮರಗಳ ನೆರಳಿದೆ. ಮಲಯಾಳಿಗಳು ಚೀನವಲ ಎಂದು ಕರೆಯುವ ಬಲೆಗಳ ಬಳಿ ಈ ಸಲ ನಾವು ಮುಕ್ಕಾಲು ಗಂಟೆ ಕೂತೆವು. ದೂರದಿಂದ ಫೋಟೊ ತೆಗೆದುಕೊಂಡು ಹೋಗುವವರಿಗೆ ಅದರ ಕೆಲಸ ತಿಳಿಯುವುದಿಲ್ಲ. ದಡದಲ್ಲಿ ನೆಟ್ಟ ಚೌಕಟ್ಟಿನ ಒಂದು ತುದಿಗೆ ಬಲೆ, ಇನ್ನೊಂದು ತುದಿಗೆ ಹಗ್ಗಗಳಲ್ಲಿ ಸಾಲಾಗಿ ಕಟ್ಟಿದ ಗುಂಡುಕಲ್ಲುಗಳು. ಈ ಕಲ್ಲುಗಳ ಭಾರವೂ ಬಲೆಯ ಭಾರವೂ ತಕ್ಕಡಿಯಂತೆ ಎಷ್ಟು ಸರಿದೂಗಿರುತ್ತವೆಯೆಂದರೆ, ಒಬ್ಬಾತ ನಡುವಿನ ದಿಮ್ಮಿಯ ಮೇಲೆ ಬರಿಗಾಲಿನಲ್ಲಿ ಮುಂದಕ್ಕೆ ನಡೆದರೆ ಸಾಕು, ಅವನ ಮೈಭಾರಕ್ಕೇ ಬಲೆ ನೀರಿಗಿಳಿಯುತ್ತದೆ. ಎತ್ತುವಾಗ ನಾಲ್ಕೈದು ಜನ ಸೇರಿ ಹಗ್ಗ ಜಗ್ಗುತ್ತಾರೆ. ಕಲ್ಲುಗಳು ಒಂದೊಂದಾಗಿ ಇಳಿದು ಕಟ್ಟೆಗೆ ತಾಗುವ ಟಕ್ ಟಕ್ ಸದ್ದು ಕೇಳುತ್ತದೆ. ನಾವು ನೋಡಿದ ಎತ್ತಿನಲ್ಲಿ ಒಂದು ಹಿಡಿ ಸಣ್ಣ ಮೀನು, ಎರಡು ಏಡಿ, ಉಳಿದಂತೆ ಅಂತರಗಂಗೆಯ ಕಳೆ. ಹಿನ್ನೀರಿನಿಂದ ತೇಲಿಬರುವ ಈ ಕಳೆಯನ್ನು ಅವರು ಪಾಯಲ್ ಎನ್ನುತ್ತಾರೆ. ಅದನ್ನು ಬಲೆಯ ಕಣ್ಣುಗಳಿಂದ ಬಿಡಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಬಹಳಷ್ಟು ಬಲೆಗಳಲ್ಲಿ ಮರದ ದಿಮ್ಮಿಗಳ ಜಾಗಕ್ಕೆ ಕಬ್ಬಿಣದ ಪೈಪು ಬಂದಿದೆ. ಹಗ್ಗ ಎಳೆಯಲು ಪ್ರವಾಸಿಗರನ್ನು ಕರೆದು ಹಣ ಕೇಳುವವರಿದ್ದಾರೆ. ಮೊದಲೇ ಮೊತ್ತ ಮಾತಾಡಿಕೊಂಡು ಎಳೆಯುವುದರಲ್ಲಿ ತಪ್ಪೇನೂ ಇಲ್ಲ, ಆ ಹಣ ದುಡಿಯುವವರ ಕೈಗೇ ಹೋಗುತ್ತದೆ.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ ಜಾಗವಿದೆ. ಅವನು ಸತ್ತದ್ದು 1524ರ ಡಿಸೆಂಬರಿನಲ್ಲಿ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರು. ಹತ್ತು ನಿಮಿಷ ಸಾಕು. ಆದರೆ ಅಲ್ಲಿಂದ ಸ್ವಲ್ಪ ದೂರದ ಸಾಂತಾ ಕ್ರುಜ್ ಬೆಸಿಲಿಕಾಕ್ಕೆ ಹೋಗದೆ ಬರಬೇಡಿ. ಕರಾವಳಿಯ ಕನ್ನಡಿಗರಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ಹೋಗಿ ತಲೆ ಎತ್ತಿದ ಕೂಡಲೇ ಅಮ್ಮ ನಿಂತುಬಿಟ್ಟರು. "ಇದು ನಮ್ಮ ಅಲೋಶಿಯಸ್ ಚಾಪೆಲಿನ ಹಾಗೆಯೇ ಉಂಟಲ್ಲ ಮಗಾ" ಎಂದರು. ಅವರ ಕಣ್ಣು ತಪ್ಪಿರಲಿಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲಿನ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಇಟಲಿಯ ಜೆಸ್ಯೂಟ್ ಸಹೋದರ ಆಂಟೋನಿಯೊ ಮೊಸ್ಕೇನಿಯವರೇ ಇಲ್ಲಿಯೂ ಚಿತ್ರ ಬರೆದಿದ್ದಾರೆ. ಬ್ರಿಟಿಷರು ಹಳೆಯ ಚರ್ಚನ್ನು ಕೆಡವಿದ ಮೇಲೆ ಕಟ್ಟಿದ ಈ ಕಟ್ಟಡದ ಪ್ರತಿಷ್ಠಾಪನೆ ನಡೆದದ್ದು 1905ರ ನವೆಂಬರ್ 19ರಂದು. ಮೊಸ್ಕೇನಿ ತೀರಿಕೊಂಡದ್ದು ಅದಕ್ಕೆ ನಾಲ್ಕೇ ದಿನ ಮುಂಚೆ. ತಾವು ಬಣ್ಣ ಹಚ್ಚಿದ ಮಂದಿರದಲ್ಲಿ ಮೊದಲ ದೀಪ ಬೆಳಗುವುದನ್ನು ಅವರು ನೋಡಲಿಲ್ಲ. ಬಾಲ್ಯದಿಂದ ಮಂಗಳೂರಿನ ಆ ಚಿತ್ರಗಳನ್ನು ನೋಡಿಕೊಂಡು ಬೆಳೆದ ಅಮ್ಮ, ಇದನ್ನು ಕೇಳಿ ಬೆಂಚಿನಲ್ಲಿ ಕುಳಿತು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಹಿಂದಿನ ದಿನದ ಮೂವತ್ತೈದು ನಿಮಿಷದಲ್ಲಿ ಈ ಕಟ್ಟಡದ ಮುಂದೆ ಬಸ್ಸು ನಿಂತಿರಲಿಲ್ಲ.

ಮಧ್ಯಾಹ್ನ ಒಂದು ಸಣ್ಣ ಅಡ್ಡದಾರಿ ಹಿಡಿದೆವು. ಫೋರ್ಟ್ ಕೊಚ್ಚಿಯಿಂದ ಎದುರಿನ ವೈಪ್ಪಿನ್ ದ್ವೀಪಕ್ಕೆ ರೋ-ರೋ ಎಂಬ ಚಪ್ಪಟೆ ಹಡಗು ವಾಹನಗಳನ್ನೂ ಜನರನ್ನೂ ಒಟ್ಟಿಗೆ ದಾಟಿಸುತ್ತದೆ. ಕೆಲವೇ ರೂಪಾಯಿಗೆ ಕೆಲವೇ ನಿಮಿಷದ ಪ್ರಯಾಣ. ಆದರೆ ಚೀನೀ ಬಲೆಗಳ ಸಾಲನ್ನು ನೀರಿನ ನಡುವಿನಿಂದ, ತಡೆಯಿಲ್ಲದೆ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಲಾರಿಗಳ ನಡುವೆ ನಿಲ್ಲಬೇಕಾಗುವುದರಿಂದ ಅಮ್ಮನನ್ನು ಜೆಟ್ಟಿಯ ಬಳಿ ನೆರಳಿನಲ್ಲಿ ಕೂರಿಸಿ ನಾನೊಬ್ಬನೇ ಹೋಗಿಬಂದೆ.

ಎರ್ನಾಕುಳಂಗೆ ವಾಪಸು ಬರಲು ಬೇಕೆಂದೇ ರಾಜ್ಯ ಜಲಸಾರಿಗೆ ಇಲಾಖೆಯ ಸಾಧಾರಣ ಬೋಟನ್ನು ಹಿಡಿದೆವು. ಟಿಕೆಟಿಗೆ ಹತ್ತು ರೂಪಾಯಿಯೂ ಆಗಲಿಲ್ಲ. ಇದು ಬದಿಗಳೆಲ್ಲ ತೆರೆದಿರುವ ಬೋಟು. ಮುಖಕ್ಕೆ ಉಪ್ಪು ಗಾಳಿ ಹೊಡೆಯುತ್ತದೆ, ಎಂಜಿನ್ ಡಬಡಬ ಎನ್ನುತ್ತದೆ. ಶಾಲೆ, ಕಚೇರಿ, ಮೀನು ಮಾರುಕಟ್ಟೆಗೆ ಹೋಗಿಬರುವ ಜನ ದಶಕಗಳಿಂದ ಇದರಲ್ಲಿಯೇ ಓಡಾಡಿದ್ದಾರೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಎರಡೂ ಬೇಕು ಎಂದೇ ಹೇಳುತ್ತೇನೆ: ಬಿಸಿಲು ಹೊತ್ತಿನಲ್ಲಿಯೂ ವಯಸ್ಸಾದವರ ಜೊತೆಯಲ್ಲಿಯೂ ವಾಟರ್ ಮೆಟ್ರೊ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ, ಗಾಜಿನ ಅಡ್ಡವಿಲ್ಲದೆ ಚಿತ್ರ ತೆಗೆಯಬೇಕೆನ್ನುವವರಿಗೆ ಹಳೆಯ ಬೋಟು.

ಭಾನುವಾರ ಮಟ್ಟಂಚೇರಿಯ ಸರದಿ. ಅಲ್ಲಿಗೂ ವಾಟರ್ ಮೆಟ್ರೊದ ಟರ್ಮಿನಲ್ 2025ರ ಅಕ್ಟೋಬರಿನಲ್ಲಿ ತೆರೆದಿದೆ. ಅರಮನೆಗೂ ಸಿನಗಾಗಿಗೂ ಜೆಟ್ಟಿಯಿಂದ ನಡೆದೇ ಹೋಗಬಹುದು. ಈ ದಾರಿಯಲ್ಲಿ ಬಲಬದಿಯ ಕಿಟಕಿಯನ್ನು ಹಿಡಿಯಿರಿ. ಕರಿಮೆಣಸು, ಶುಂಠಿ, ಅಕ್ಕಿಯ ವ್ಯಾಪಾರ ನಡೆದ ಹಳೆಯ ಗೋದಾಮುಗಳ ಸಾಲು ಆ ದಂಡೆಯಲ್ಲಿದೆ. ಹಂಚಿನ ಮಾಡು, ಪಾಚಿಗಟ್ಟಿದ ಗೋಡೆ, ನೀರಿಗೇ ತೆರೆಯುವ ದೊಡ್ಡ ಬಾಗಿಲುಗಳು. ದೋಣಿಯಿಂದ ಮೂಟೆ ಎತ್ತಿ ನೇರವಾಗಿ ಒಳಗಿಡುವುದಕ್ಕೆಂದು ಮಾಡಿದ ಬಾಗಿಲುಗಳವು. ಬಜಾರ್ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದಾಗ ಇದೇ ಕಟ್ಟಡಗಳು ಇಕ್ಕಟ್ಟಾದ ಅಂಗಡಿಗಳ ಸಾಲಿನಂತೆ ಮಾತ್ರ ಕಂಡಿದ್ದವು.

ಅರಮನೆಯನ್ನು ಡಚ್ ಅರಮನೆ ಎಂದು ಕರೆದರೂ 16ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರು ಮಾಡಿಸಿದ್ದು ದುರಸ್ತಿ. ಹೊರಗಿನಿಂದ ನೋಡಿದರೆ ಅರಮನೆ ಎನಿಸುವುದಿಲ್ಲ. ಒಳಗೆ ರಾಜನ ಮಲಗುವ ಕೋಣೆಯ ಗೋಡೆಗಳ ಮೇಲೆ ಇಡೀ ರಾಮಾಯಣವಿದೆ: ದಶರಥನ ಪುತ್ರಕಾಮೇಷ್ಟಿಯಿಂದ ಹಿಡಿದು ರಾಮ ಅಯೋಧ್ಯೆಗೆ ಮರಳುವವರೆಗೆ. ಕಾವಿ, ಹಸಿರು, ಹಳದಿಯ ದಟ್ಟ ಬಣ್ಣಗಳಲ್ಲಿ ಆಕೃತಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಯಕ್ಷಗಾನದ ವೇಷಗಳನ್ನು ನೋಡಿ ಅಭ್ಯಾಸವಿರುವ ಕಣ್ಣಿಗೆ ಆ ಅಗಲ ಕಣ್ಣುಗಳು, ತುಂಬಿದ ಕಿರೀಟಗಳು ಅಪರಿಚಿತವಲ್ಲ. ಚಿತ್ರ ನೋಡುವ ಭರದಲ್ಲಿ ನೆಲವನ್ನು ಮರೆಯಬೇಡಿ. ಕಪ್ಪು ಅಮೃತಶಿಲೆಯಂತೆ ಹೊಳೆಯುವ ಆ ನೆಲ ಕಲ್ಲಿನದಲ್ಲ. ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡದ ರಸ, ಮೊಟ್ಟೆಯ ಬಿಳಿಲೋಳೆ ಕಲಸಿ ಉಜ್ಜಿ ಮಾಡಿದ ಗಾರೆ. ಅಮ್ಮ ಬಗ್ಗಿ ಅಂಗೈಯಿಂದ ಸವರಿ, ತಮ್ಮ ತವರುಮನೆಯ ಚಾವಡಿಯ ನೆಲವೂ ಹೀಗೆಯೇ ತಣ್ಣಗಿತ್ತು ಎಂದರು. ಪ್ರವೇಶ ಶುಲ್ಕ ಅತ್ಯಲ್ಪ.  ಇಲ್ಲಿಗೆ ಒಂದೂವರೆ ಗಂಟೆ ಬೇಕು. ಪ್ಯಾಕೇಜಿನ ಪಟ್ಟಿಯಲ್ಲಿ ಇದಕ್ಕೆ ಇಟ್ಟಿದ್ದ ಸಮಯ ಇಪ್ಪತ್ತು ನಿಮಿಷ.

ಪರದೇಸಿ ಸಿನಗಾಗ್ 1568ರದು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಹಾಗಾಗಿ ಚೀನಾದ ಕ್ಯಾಂಟನ್ನಿನಿಂದ 18ನೆಯ ಶತಮಾನದಲ್ಲಿ ತರಿಸಿದ ನೀಲಿ ಬಿಳಿಯ ಹೆಂಚುಗಳ ಮೇಲೆ ಬರಿಗಾಲಿನಲ್ಲಿಯೇ ನಡೆಯುತ್ತೀರಿ. ಕೈಯಿಂದಲೇ ಚಿತ್ರಿಸಿದ ಹೆಂಚುಗಳಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಒಂದೇ ಮರ, ಒಂದೇ ಸೇತುವೆಯಂತೆ ಕಂಡರೂ ಕೊಂಬೆಯ ಬಾಗು ಬೇರೆ ಇರುತ್ತದೆ. ನಾನು ಎರಡು ಹೆಂಚುಗಳನ್ನು ಹೋಲಿಸುತ್ತ ನಿಂತಿದ್ದಾಗ, ಅಲ್ಲಿನ ಕಾವಲುಗಾರರು ಕಿಟಕಿಯ ಬೆಳಕು ಬೀಳುವ ಮೂಲೆಗೆ ಬಂದು ನೋಡುವಂತೆ ಕೈಸನ್ನೆ ಮಾಡಿದರು. ಇಲ್ಲಿ ಪ್ರಾರ್ಥಿಸುತ್ತಿದ್ದ ಸಮುದಾಯದ ಬಹುಪಾಲು ಜನ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಇಸ್ರೇಲಿಗೆ ಹೋದರು. ಹೊರಗಿನ ಗಡಿಯಾರ ಗೋಪುರ 1760ರದು. ಅದರ ಮುಖಗಳಲ್ಲಿ ಬೇರೆ ಬೇರೆ ಲಿಪಿಯ ಅಂಕಿಗಳಿವೆ. ಹತ್ತಿರದಲ್ಲಿಯೇ ಕೊಂಕಣಿ ಮಾತನಾಡುವ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದೆ. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ದಕ್ಷಿಣಕ್ಕೆ ಬಂದವರ ಈ ಊರಲ್ಲಿಯೂ ಅದೇ ಪೋರ್ಚುಗೀಸರ ಪ್ರಾಬಲ್ಯವಿತ್ತೆಂಬುದು ಯೋಚಿಸತಕ್ಕ ವಿಷಯ. ಬೀದಿಯಲ್ಲಿ ಕೊಂಕಣಿ ಕಿವಿಗೆ ಬಿದ್ದಾಗ ಅಮ್ಮನಿಗೆ ಅರ್ಧ ಊರಿಗೆ ಬಂದಷ್ಟು ಸಂತೋಷವಾಯಿತು.

ಮಟ್ಟಂಚೇರಿಯಿಂದ ಎರ್ನಾಕುಳಂಗೆ ತೋಪ್ಪುಂಪಡಿ ಮಾರ್ಗವಾಗಿ ಸಾಮಾನ್ಯ ಬಸ್ಸಿನಲ್ಲಿ ಬಂದೆವು. ಭೂಮಾರ್ಗ ಹೇಗಿದೆಯೆಂದು ತಿಳಿಯಲು ಒಮ್ಮೆ ಇದನ್ನು ಮಾಡಬಹುದು, ಎರಡನೆಯ ಸಲ ಬೇಕಿಲ್ಲ. ಸೇತುವೆಗಳ ಬಳಿ ವಾಹನಗಳ ದಟ್ಟಣೆಯಿಂದ ಒಂದು ಗಂಟೆಗೂ ಮೇಲಾಯಿತು.

ಬಸ್ಸಿನ ಬಗ್ಗೆ ಮನಸ್ಸು ತುಂಬಿ ಹೊಗಳುವುದು ಒಂದೇ ಒಂದು ಇದೆ. ಅದು ಕೇರಳ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯವರು 2025ರಲ್ಲಿ ಕೊಚ್ಚಿಯಲ್ಲಿ ಆರಂಭಿಸಿದ, ಮಾಡು ತೆರೆದ ಡಬಲ್ ಡೆಕ್ಕರ್ ಬಸ್ಸಿನ ಸಂಜೆಯ ಸುತ್ತಾಟ. ಎರ್ನಾಕುಳಂ ಬೋಟ್ ಜೆಟ್ಟಿಯ ಬಸ್ ನಿಲ್ದಾಣದಿಂದ ಹೊರಡುತ್ತದೆ. ಮೇಲಂತಸ್ತಿಗೆ ಕೆಳ ಅಂತಸ್ತಿಗಿಂತ ಹೆಚ್ಚು ದರ, ಆ ಹೆಚ್ಚಿನ ಹಣಕ್ಕೆ ಮೋಸವಿಲ್ಲ. ಎರಡು ದಿನ ನೀರಿನ ಮಟ್ಟದಿಂದ ನೋಡಿದ ದ್ವೀಪಗಳನ್ನು ಈ ಬಸ್ಸು ಸೇತುವೆಯ ಎತ್ತರದಿಂದ ತೋರಿಸಿತು. 2004ರಲ್ಲಿ ತೆರೆದ ಗೋಶ್ರೀ ಸೇತುವೆಗಳು ಬರುವ ಮುನ್ನ ವೈಪ್ಪಿನ್‌ನವರು ಆಸ್ಪತ್ರೆಗೂ ಬೋಟನ್ನೇ ಕಾಯಬೇಕಾಗಿತ್ತು. ಆ ಸೇತುವೆಯ ಮೇಲೆ ಗಾಳಿಗೆ ಮುಖ ಒಡ್ಡಿ ಹೋಗುವಾಗ, ಕೆಳಗೆ ನಾವು ಹಿಂದಿನ ದಿನ ಹೋಗಿದ್ದಂಥದ್ದೇ ಬೋಟೊಂದು ದೀಪ ಹಚ್ಚಿಕೊಂಡು ಸಾಗುತ್ತಿತ್ತು. ಮೇಲಂತಸ್ತಿಗೆ ಕಡಿದಾದ ಮೆಟ್ಟಿಲು ಹತ್ತಬೇಕು. ಅಮ್ಮ ಕಂಬಿ ಹಿಡಿದು ನಿಧಾನವಾಗಿ ಹತ್ತಿದರು. ಮೊಣಕಾಲು ನೋವು ತೀವ್ರವಾಗಿರುವವರು ಕೆಳಗೆ ಕೂರುವುದೇ ಸರಿ.

ಎರಡು ದಿನದಲ್ಲಿ ವಾಟರ್ ಮೆಟ್ರೊ, ಹಳೆಯ ಬೋಟು, ಊರ ಬಸ್ಸುಗಳಿಗೆ ನಮ್ಮಿಬ್ಬರಿಂದ ಖರ್ಚಾದದ್ದು, ಡಬಲ್ ಡೆಕ್ಕರನ್ನು ಬಿಟ್ಟು, ಮುನ್ನೂರು ರೂಪಾಯಿಯ ಒಳಗೆ. ಹೊರಡುವವರಿಗೆ ನನ್ನ ಸಲಹೆ ಹೀಗಿದೆ. ಶುಕ್ರವಾರ ಬರುವುದಾದರೆ ಆ ದಿನವನ್ನು ಫೋರ್ಟ್ ಕೊಚ್ಚಿಗೆ ಕೊಡಿ. ಮಟ್ಟಂಚೇರಿಯನ್ನು ಭಾನುವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ. ಬೆಳಿಗ್ಗೆ ಬೇಗ ಜೆಟ್ಟಿಗೆ ಹೋಗಿ. ರಜಾದಿನಗಳಲ್ಲಿ ಹತ್ತು ಗಂಟೆಯ ಮೇಲೆ ಸಾಲು ಬೆಳೆಯುತ್ತದೆ. ಕೊನೆಯ ಬೋಟಿನ ಸಮಯವನ್ನು ಇಳಿದ ಕೂಡಲೇ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ, ಆಗ ಸೂರ್ಯ ಮುಳುಗುವವರೆಗೆ ಅಳಿವೆಯ ಬಳಿ ನಿಶ್ಚಿಂತೆಯಿಂದ ಕೂರಬಹುದು. ಮರಳುವಾಗ ಹಳೆಯ ಬೋಟಾದರೆ ಹಿಂಬದಿಯ ಬೆಂಚಿನಲ್ಲಿ ಕುಳಿತುಕೊಳ್ಳಿ, ಏಕೆಂದರೆ ಬೋಟು ಮೂಡಣಕ್ಕೆ ಸಾಗುತ್ತದೆ, ಕೆಂಪಾದ ಆಕಾಶವೂ ಅದರ ಮುಂದೆ ಕಪ್ಪಾಗಿ ನಿಂತ ಬಲೆಗಳೂ ಬೆನ್ನ ಹಿಂದೆ ಉಳಿಯುತ್ತವೆ.